ಜಗಳದ ಅಂಗಳದಲ್ಲಿ ಆದಿ ಗ್ರೀಕರು: ತುಳುನಾಡಿನಿಂದ ಒಂದು ಓದು



ಮಂಗಳೂರಿನಲ್ಲಿ ಗ್ರೀಕರ ಮಾತೆತ್ತಿದರೆ ಸಭೆ ಒಂದು ಸಂಗತಿಯನ್ನು ನಿರೀಕ್ಷಿಸುತ್ತದೆ. ಅದು ಕರಾವಳಿಯಲ್ಲಿ ಸಿಕ್ಕಿಬಿದ್ದ ಕರಿಟಿಯನ್ ಎಂಬ ಗ್ರೀಕ್ ಹುಡುಗಿಯ ಪ್ರಹಸನ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಪಪೈರಸ್ ಹಾಳೆಯ ಈ ಪಠ್ಯ 1903ರಲ್ಲಿ ಅಚ್ಚಾಯಿತು. ಅದರಲ್ಲಿ ಪರದೇಶಿ ಪಾತ್ರಗಳು ಆಡುವ ಮಾತಿನಲ್ಲಿ ಕನ್ನಡವಿದೆ ಎಂದು ಮರುವರ್ಷವೇ ಹುಲ್ಟ್ಸ್ ಎಂಬ ವಿದ್ವಾಂಸರು ವಾದಿಸಿದರು. ಮಂಜೇಶ್ವರದ ಗೋವಿಂದ ಪೈಗಳವರೆಗೆ ನಮ್ಮ ಹಿರಿಯ ವಿದ್ವಾಂಸರು ಆ ಚರ್ಚೆಯನ್ನು ಬೆಳೆಸಿದರು. ಅದು ಸ್ವಾರಸ್ಯದ ಚರ್ಚೆ, ಆದರೆ ಆ ಹಾಳೆ ಕ್ರಿ.ಶ. ಎರಡನೆಯ ಶತಮಾನದ್ದು, ರೋಮನ್ ಆಳ್ವಿಕೆಯ ಈಜಿಪ್ಟಿನದು. ನಾನು ಇಂದು ಮಾತಾಡಬೇಕೆಂದಿರುವ ಗ್ರೀಕರು ಅದಕ್ಕಿಂತ ಸುಮಾರು ಒಂಬೈನೂರು ವರ್ಷ ಹಿಂದಿನವರು. ನಗರರಾಜ್ಯ, ತತ್ತ್ವಶಾಸ್ತ್ರ, ಅಮೃತಶಿಲೆಯ ದೇಗುಲ ಯಾವುದೂ ಇನ್ನೂ ರೂಪುಗೊಂಡಿರದ ಕಾಲದವರು. ಅವರನ್ನು ಅರಿಯುವುದಕ್ಕೆ ನಮ್ಮ ಊರಿನಲ್ಲಿ ಪಪೈರಸ್ಸಿಗಿಂತ ಬಲವಾದ ಆಧಾರವೊಂದಿದೆ. ಅದು ನಮ್ಮ ಪಾಡ್ದನ, ಬಾಯಿಂದ ಬಾಯಿಗೆ ಬಂದ ತುಳು ಕಥನಗೀತ.

1. ಹತ್ತು ಸಾಲಿನ ಅಂತರ

1990ರ ಡಿಸೆಂಬರ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರು ಆರು ದಿನ ಹಾಡಿ ಸಿರಿ ಎಂಬ ಹೆಣ್ಣಿನ ಪಾಡ್ದನವನ್ನು ಪೂರ್ತಿ ಹೇಳಿದರು. ಅವರು ಓದುಬರಹ ಕಲಿತವರಲ್ಲ. ಕೃಷಿ ಕೆಲಸ ಮಾಡಿಕೊಂಡು, ಸಿರಿ ಜಾತ್ರೆಯಲ್ಲಿ ತಮ್ಮ ತಂಡವನ್ನು ಮುನ್ನಡೆಸುತ್ತಿದ್ದವರು. ಫಿನ್ಲೆಂಡಿನ ಲೌರಿ ಹೊಂಕೊ, ಅನೇಲಿ ಹೊಂಕೊ, ಮಂಗಳೂರು ವಿಶ್ವವಿದ್ಯಾನಿಲಯದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಅದನ್ನು ದಾಖಲಿಸಿದರು. 1998ರಲ್ಲಿ ಹೆಲ್ಸಿಂಕಿಯಲ್ಲಿ ಪಠ್ಯ ಪ್ರಕಟವಾದಾಗ ಅದರ ಸಾಲುಗಳು 15,683. ಹೋಮರನ ಹೆಸರಿನಲ್ಲಿ ಬಂದಿರುವ ಇಲಿಯಡ್‌ನ ಸಾಲುಗಳು 15,693.

ಹತ್ತು ಸಾಲಿನ ಈ ಅಂತರ ಕಾಕತಾಳೀಯ. ಗ್ರೀಕ್ ಸಾಲನ್ನು ಛಂದಸ್ಸೇ ಅಳೆದು ಕೊಡುತ್ತದೆ, ತುಳು ಸಾಲನ್ನು ಹಾಡುಗಾರನ ಉಸಿರು ಮತ್ತು ರಾಗವನ್ನು ಕೇಳಿ ಸಂಪಾದಕರು ಕತ್ತರಿಸಿದ್ದಾರೆ. ಹಾಗಾಗಿ ಅಂಕೆಯನ್ನು ಹಿಡಿದು ಹೆಮ್ಮೆ ಪಡಬೇಕಾಗಿಲ್ಲ. ಅದರಿಂದ ಸಿದ್ಧವಾಗುವುದು ಬೇರೆಯೇ ವಿಷಯ: ಇಲಿಯಡ್‌ನಷ್ಟು ದೊಡ್ಡ ಕಾವ್ಯವೊಂದು ಅಕ್ಷರದ ಹಂಗಿಲ್ಲದೆ ಒಬ್ಬ ವ್ಯಕ್ತಿಯ ನೆನಪಿನಲ್ಲಿ ಇರಬಲ್ಲುದು. ಇದನ್ನು ನಂಬದ ಯುರೋಪಿನ ಪಂಡಿತರು ಬಹಳ ಕಾಲ ಹೋಮರನ ಕಾವ್ಯವನ್ನು ಚಿಕ್ಕಪುಟ್ಟ ಹಾಡುಗಳ ಹೊಲಿಗೆ ಎಂದುಕೊಂಡಿದ್ದರು. 1933ರಿಂದ 1935ರವರೆಗೆ ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ತರುಣ ವಿದ್ವಾಂಸ ಯುಗೋಸ್ಲಾವಿಯದ ಹಾಡುಗಾರರ ಬಳಿ ಕುಳಿತು ಧ್ವನಿಮುದ್ರಿಸಿಕೊಂಡ. ಅವ್ದೊ ಮೆಜೆದೊವಿಚ್ ಎಂಬಾತ ಹನ್ನೆರಡು ಸಾವಿರಕ್ಕೂ ಹೆಚ್ಚು ಸಾಲಿನ ಕಥೆಯನ್ನು ಹಾಡಿಕೊಟ್ಟ. ಪ್ಯಾರಿ ಮೂವತ್ತಮೂರನೆಯ ವಯಸ್ಸಿಗೇ ತೀರಿಕೊಂಡ. ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಆ ಕೆಲಸವನ್ನು ಪುಸ್ತಕವಾಗಿಸಿದ ಮೇಲೆ ಹೋಮರ್ ಅಧ್ಯಯನದ ದಾರಿಯೇ ಬದಲಾಯಿತು.

ಗೋಪಾಲ ನಾಯ್ಕರ ಇನ್ನೊಂದು ಸಂಗತಿಯೂ ಇಲ್ಲಿ ಮುಖ್ಯ. ಕೋಟಿ ಚೆನ್ನಯ ಎಂಬ ಅವಳಿ ವೀರರ ಕಥೆಯನ್ನು ಆಕಾಶವಾಣಿಗಾಗಿ ಅವರು ಅರ್ಧ ಗಂಟೆಯೊಳಗೆ ಹಾಡಿ ಮುಗಿಸಿದ್ದರು. ಮೊಟಕುಗೊಳಿಸದೆ ಹಾಡಿ ಎಂದಾಗ ಅದೇ ಕಥೆ ಹದಿನೈದು ಗಂಟೆಗೂ ಹೆಚ್ಚು ಹೊತ್ತು ನಡೆಯಿತು. ಹಾಡು ಸಭೆಯನ್ನು ನೋಡಿಕೊಂಡು ಹಿಗ್ಗುತ್ತದೆ, ಕುಗ್ಗುತ್ತದೆ. ನಮ್ಮ ಕೈಗೆ ಬಂದಿರುವ ಇಲಿಯಡ್ ಎಂದರೆ ಯಾರೋ ಒಮ್ಮೆ ಬರೆದಿಟ್ಟುಕೊಂಡ ಒಂದು ಹಿಗ್ಗಿದ ರೂಪ.

2. ಹಾಡಿನಲ್ಲಿರುವುದು ಯಾವ ಕಾಲ?

ಹಾಗಾದರೆ ಆ ಹಾಡಿನಲ್ಲಿ ಕಾಣುವ ಸಮಾಜ ಯಾವ ಕಾಲದ್ದು? ಹೈನ್ರಿಖ್ ಷ್ಲೀಮನ್ 1870ರ ದಶಕದಲ್ಲಿ ಟ್ರಾಯ್‌ನಲ್ಲೂ 1876ರಲ್ಲಿ ಮೈಸೀನಿಯಲ್ಲೂ ಅಗೆದು ಚಿನ್ನದ ಮುಖವಾಡಗಳನ್ನು ಎತ್ತಿದಾಗ, ಹೋಮರ್ ಹೇಳಿದ್ದೆಲ್ಲ ಕಂಚಿನ ಯುಗದ ಅರಮನೆಗಳ ನಿಜವಾದ ಚರಿತ್ರೆ ಎಂಬ ಉತ್ಸಾಹ ಹುಟ್ಟಿತು. 1952ರಲ್ಲಿ ಮೈಕೆಲ್ ವೆಂಟ್ರಿಸ್ ಲೀನಿಯರ್ ಬಿ ಲಿಪಿಯನ್ನು ಬಿಡಿಸಿದ ಮೇಲೆ ಆ ಉತ್ಸಾಹ ತಣ್ಣಗಾಯಿತು. ಪೈಲೊಸ್ ಮತ್ತು ಕ್ನೊಸೊಸ್ ಅರಮನೆಗಳ ಮಣ್ಣಿನ ಫಲಕಗಳಲ್ಲಿ ವೀರರ ಕಥೆ ಇರಲಿಲ್ಲ, ಲೆಕ್ಕಪತ್ರವಿತ್ತು. ಎಷ್ಟು ಕುರಿ, ಎಷ್ಟು ಉಣ್ಣೆ, ಎಷ್ಟು ಎಣ್ಣೆ, ಯಾವ ಹೆಂಗಸರ ಗುಂಪಿಗೆ ಎಷ್ಟು ಧಾನ್ಯ, ಎಷ್ಟು ಅಂಜೂರ. ಗುಮಾಸ್ತರು ತುಂಬಿದ ಅಂಥ ಆಡಳಿತ ಹೋಮರನ ರಾಜರಿಗೆ ಗೊತ್ತೇ ಇಲ್ಲ. ಅವರು ತಮ್ಮ ತೋಟವನ್ನು ತಾವೇ ನೋಡಿಕೊಳ್ಳುವ, ಮಂಚವನ್ನು ತಾವೇ ಕೆತ್ತಿಕೊಳ್ಳುವ ಊರಗೌಡರು.

ಕ್ರಿ.ಪೂ. 1200ರ ಆಸುಪಾಸಿನಲ್ಲಿ ಪೈಲೊಸ್‌ನಂಥ ಅರಮನೆಗಳು ಸುಟ್ಟುಹೋದವು. ಲೆಕ್ಕ ಬರೆಯಬೇಕಾದ ಅರಮನೆಯೇ ಇಲ್ಲವಾದ ಮೇಲೆ ಲಿಪಿಯೂ ಅಳಿಯಿತು. ಮುಂದೆ ಸುಮಾರು ನಾನೂರು ವರ್ಷ ಗ್ರೀಕ್ ಭಾಷೆಗೆ ಬರಹವಿಲ್ಲ. ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ಫಿನೀಷಿಯದ ವ್ಯಾಪಾರಿಗಳ ಅಕ್ಷರಗಳನ್ನು ಎರವಲು ಪಡೆದು, ಅವುಗಳಲ್ಲಿಲ್ಲದ ಸ್ವರಗಳಿಗೆ ಗುರುತು ಹಾಕಿ, ಗ್ರೀಕರು ಮತ್ತೆ ಬರೆಯತೊಡಗಿದರು. ಈ ಹೊಸ ಬರಹದ ಅತಿ ಹಳೆಯ ಮಾದರಿಗಳಲ್ಲಿ ಒಂದು ಅಥೆನ್ಸಿನಲ್ಲಿ ಸಿಕ್ಕ ಹೂಜಿಯ ಮೇಲಿದೆ. ಅದು ಕುಣಿತದ ಪಂದ್ಯದಲ್ಲಿ ಹಗುರವಾಗಿ ಕುಣಿದವನಿಗೆ ಸಲ್ಲುವ ಬಹುಮಾನ. ಮೊದಲ ಬಾರಿ ಮಣ್ಣಿನ ಫಲಕಕ್ಕೆ ಬಂದಾಗ ಬರಹಕ್ಕೆ ಅರಮನೆಯ ಉಗ್ರಾಣವೇ ಕೆಲಸ, ಎರಡನೆಯ ಬಾರಿ ಬಂದಾಗ ಅದು ಕುಣಿತ, ಕುಡಿತ, ಹಾಡುಗಳ ಜೊತೆ ಕಾಣಿಸಿಕೊಂಡಿತು.

ಹಾಡು ಮಾತ್ರ ಆ ಬರಹವಿಲ್ಲದ ಕಾಲವನ್ನೂ ದಾಟಿ ಬಂದಿತ್ತು. ಬರುವಾಗ ದಾರಿಯುದ್ದಕ್ಕೂ ಸಿಕ್ಕಿದ್ದನ್ನೆಲ್ಲ ಹೊತ್ತು ತಂದಿತ್ತು. ಇಲಿಯಡ್‌ನ ಹತ್ತನೆಯ ಸರ್ಗದಲ್ಲಿ ಕಾಡುಹಂದಿಯ ಕೋರೆಗಳನ್ನು ಸಾಲುಸಾಲಾಗಿ ಪೋಣಿಸಿದ ಶಿರಸ್ತ್ರಾಣವೊಂದು ಬರುತ್ತದೆ. ಅಂಥ ಶಿರಸ್ತ್ರಾಣಗಳು ಹೋಮರನಿಗಿಂತ ಶತಮಾನಗಳ ಹಿಂದೆಯೇ ಬಳಕೆ ತಪ್ಪಿದ್ದವು, ನಮಗೆ ಸಿಕ್ಕಿರುವುದು ಗೋರಿಗಳಲ್ಲಿ. ಆದರೆ ಅದೇ ಕಾವ್ಯದಲ್ಲಿ ವೀರರ ಹೆಣಗಳನ್ನು ಸುಡುತ್ತಾರೆ. ಮೈಸೀನಿಯದವರು ಹೆಚ್ಚಾಗಿ ಹೂಳುತ್ತಿದ್ದವರು. ರಥದ ಯುದ್ಧ ಹೇಗೆ ನಡೆಯುತ್ತಿತ್ತು ಎಂಬುದು ಹಾಡುಗಾರರಿಗೆ ಮರೆತೇ ಹೋಗಿದೆ. ರಥದಲ್ಲಿ ಬಂದ ವೀರ ಕೆಳಗಿಳಿದು ನಿಂತು ಕಾದುತ್ತಾನೆ.

1954ರಲ್ಲಿ ಇತಿಹಾಸಕಾರ ಮೋಸೆಸ್ ಫಿನ್ಲಿ ಈ ಕಾವ್ಯಗಳಲ್ಲಿ ಕ್ರಿ.ಪೂ. ಹತ್ತು ಒಂಬತ್ತನೆಯ ಶತಮಾನಗಳ ಸುಸಂಗತ ಸಮಾಜವೊಂದನ್ನು ಕಂಡರು. ಇಪ್ಪತ್ತು ವರ್ಷದ ಬಳಿಕ ಆಂಥೊನಿ ಸ್ನಾಡ್‌ಗ್ರಾಸ್, ಇದು ಹಲವು ಕಾಲಗಳ ಮಿಶ್ರಣ, ಹೀಗೊಂದು ಸಮಾಜ ಎಲ್ಲಿಯೂ ಇರಲಿಲ್ಲ ಎಂದರು. ಪಾಡ್ದನ ಕೇಳಿದವರಿಗೆ ಈ ಜಗ್ಗಾಟ ಹೊಸದಲ್ಲ. ಬಲ್ಲಾಳರ ಬೀಡು, ಗುತ್ತಿನ ಚಾವಡಿ, ಇತ್ತೀಚೆಗೆ ಸೇರಿದ ಸಾಮಾನು, ಎಲ್ಲವೂ ಒಂದೇ ಕಥೆಯಲ್ಲಿ ಒಟ್ಟಿಗೆ ಇರುತ್ತವೆ. ಹಾಡಿನಲ್ಲಿರುವ ವಸ್ತುಗಳಿಂದ ಕಾಲವನ್ನು ನಿರ್ಣಯಿಸಲು ಹೊರಟರೆ ದಾರಿ ತಪ್ಪುತ್ತೇವೆ. ಆದರೆ ಹಾಡಿನ ಒಳಗೆ ಜನ ಯಾವುದಕ್ಕಾಗಿ ಜಗಳವಾಡುತ್ತಾರೆ, ಆ ಜಗಳವನ್ನು ಎಲ್ಲಿ, ಯಾರ ಮುಂದೆ ಒಯ್ಯುತ್ತಾರೆ ಎಂಬುದನ್ನು ಹಾಡುಗಾರ ಸುಲಭವಾಗಿ ಕಟ್ಟಿ ಹೇಳಲಾರ. ಕೇಳುವ ಸಭೆಗೆ ಆ ಜಗಳದ ಬಿಸಿ ತಟ್ಟದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಆದಿ ಗ್ರೀಕರನ್ನು ಅವರ ಜಗಳಗಳ ಮೂಲಕ ನೋಡಬೇಕು ಎಂಬುದು ನನ್ನ ವಾದ.

3. ಗೌರವದ ಪಾಲು

ಇಲಿಯಡ್ ಶುರುವಾಗುವುದೇ ಜಗಳದಿಂದ. ಶತ್ರುಗಳ ಜೊತೆಗಿನ ಜಗಳವಲ್ಲ, ಒಂದೇ ಪಾಳೆಯದ ಇಬ್ಬರದು. ಕೊಳ್ಳೆ ಹೊಡೆದ ಊರಿನಿಂದ ತಂದ ಹೆಂಗಸರನ್ನು ಸೈನ್ಯ ಹಂಚಿಕೊಂಡಿದೆ. ತನ್ನ ಪಾಲಿನವಳನ್ನು ಬಿಟ್ಟುಕೊಡಬೇಕಾಗಿ ಬಂದ ಅಗಮೆಮ್ನಾನ್, ಅಕಿಲೀಸನ ಪಾಲಿನ ಬ್ರಿಸೇಯಿಸಳನ್ನು ಕಿತ್ತುಕೊಳ್ಳುತ್ತಾನೆ. ಅಕಿಲೀಸ್ ಯುದ್ಧ ಬಿಟ್ಟು ಕೂರುತ್ತಾನೆ. ಪಾಲು ಎಂದರೆ ಅಲ್ಲಿ ಆಸ್ತಿಗಿಂತ ಹೆಚ್ಚಿನದು. ಎಲ್ಲರೂ ನೋಡುತ್ತಿರುವಾಗ ಸಭೆ ಕೊಟ್ಟದ್ದು ಅದು, ಎಲ್ಲರೂ ನೋಡುತ್ತಿರುವಾಗಲೇ ಕಿತ್ತುಕೊಂಡದ್ದೂ ಹೌದು.

ಈ ಜಗಳದಿಂದ ಮೂರು ವಿಷಯ ತಿಳಿಯುತ್ತದೆ. ರಾಜನಿಗೆ ಹೆಸರು ದೊಡ್ಡದು, ಕೈ ಸಣ್ಣದು. ಅವನ ಮಾತು ನಡೆಯುವುದು ಉಳಿದ ನಾಯಕರು ಸುಮ್ಮನಿದ್ದರೆ ಮಾತ್ರ. ಸಭೆ ಇದೆ, ಆದರೆ ಅಲ್ಲಿ ಎಲ್ಲರ ಬಾಯಿಗೂ ಒಂದೇ ಬೆಲೆ ಇಲ್ಲ. ಎರಡನೆಯ ಸರ್ಗದಲ್ಲಿ ಥರ್ಸೈಟಿಸ್ ಎಂಬ ಸಾಮಾನ್ಯ ಸೈನಿಕ ಎದ್ದು, ಅಕಿಲೀಸ್ ಹೇಳಿದ್ದನ್ನೇ ಹೆಚ್ಚುಕಡಿಮೆ ಮತ್ತೆ ಹೇಳುತ್ತಾನೆ: ಕೊಳ್ಳೆಯೆಲ್ಲ ರಾಜನಿಗೆ, ದುಡಿತವೆಲ್ಲ ನಮಗೆ. ಒಡಿಸ್ಯೂಸ್ ರಾಜದಂಡದಿಂದಲೇ ಅವನ ಬೆನ್ನಿಗೆ ಬಾರಿಸುತ್ತಾನೆ. ಬೆನ್ನು ಬಾತುಕೊಳ್ಳುತ್ತದೆ, ಅವನು ಕಣ್ಣೊರೆಸಿಕೊಂಡು ಕೂರುತ್ತಾನೆ, ಸೈನಿಕರು ನಗುತ್ತಾರೆ. ಆದರೂ ಹಾಡುಗಾರ ಅವನ ಮಾತನ್ನು ಪೂರ್ತಿ ಹಾಡಿದ್ದಾನೆ. ಅಂಥ ಮಾತು ಕೇಳಿಸುತ್ತಿದ್ದ ಸಭೆಯ ಮುಂದೆಯೇ ಅವನು ಹಾಡಿದ್ದಿರಬೇಕು.

ಮೂರನೆಯದು, ಯಾರನ್ನು ಮುಂದಿಟ್ಟುಕೊಂಡು ಈ ಜಗಳ ನಡೆಯಿತೋ ಆ ಹೆಂಗಸಿನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಪೈಲೊಸಿನ ಫಲಕಗಳಲ್ಲಿ ಏಜಿಯನ್‌ನ ಆಚೆ ದಡದ ಮೈಲೀಟಸ್, ಕ್ನೀಡಸ್ ಊರಿನವರೆಂದು ಗುರುತಿಸಿದ ಹೆಂಗಸರು ಮಕ್ಕಳ ಸಮೇತ ಪಡಿಯ ಪಟ್ಟಿಯಲ್ಲಿದ್ದಾರೆ. ಐನೂರು ವರ್ಷದ ಅಂತರದಲ್ಲಿ ಅರಮನೆ ಹೋಯಿತು, ಗುಮಾಸ್ತ ಹೋದ, ಹೊರ ಊರಿನ ಹೆಂಗಸರ ದುಡಿತ ಹೋಗಲಿಲ್ಲ. ಅಕಿಲೀಸನ ಗೆಳೆಯ ಪ್ಯಾಟ್ರೊಕ್ಲಸನ ಸಾವಿನ ಬಳಿಕದ ಪಂದ್ಯಗಳಲ್ಲಿ ಮುಕ್ಕಾಲಿಯ ಹಂಡೆಗೆ ಹನ್ನೆರಡು ಎತ್ತಿನ ಬೆಲೆ, ಕೈಕೆಲಸ ಬಲ್ಲ ಹೆಂಗಸಿಗೆ ನಾಲ್ಕು ಎತ್ತಿನದು.

4. ರಕ್ತದ ಲೆಕ್ಕ

ಆ ಪ್ಯಾಟ್ರೊಕ್ಲಸ್ ಅಕಿಲೀಸನ ಮನೆ ಸೇರಿದ್ದು ಹೇಗೆ ಎಂಬುದು ಇಪ್ಪತ್ತಮೂರನೆಯ ಸರ್ಗದಲ್ಲಿ ಒಂದೆರಡು ಸಾಲಿನಲ್ಲಿ ಬಂದುಹೋಗುತ್ತದೆ. ಹುಡುಗನಾಗಿದ್ದಾಗ ಮೂಳೆದಾಳದ ಆಟದಲ್ಲಿ ಸಿಟ್ಟು ಬಂದು, ಬೇಕೆಂದು ಅಲ್ಲದೆಯೇ, ಜೊತೆಗಾರನೊಬ್ಬನನ್ನು ಅವನು ಕೊಂದುಬಿಟ್ಟ. ಅಪ್ಪ ಅವನನ್ನು ಊರಿನಿಂದ ಕರೆದೊಯ್ದು ಅಕಿಲೀಸನ ತಂದೆ ಪೀಲಿಯಸನ ಮನೆಗೆ ಬಿಟ್ಟ. ಪೀಲಿಯಸ್ ಅವನನ್ನು ಮಗನ ಜೊತೆಗೆ ಸಾಕಿದ.

ತುಳುನಾಡಿನವರಿಗೆ ಇಲ್ಲಿ ಅಬ್ಬಗ ದಾರಗರ ನೆನಪಾಗದೆ ಇರದು. ಸಿರಿಯ ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಇವರು. ಚೆನ್ನೆಮಣೆಯ ಮುಂದೆ ಕುಳಿತು ಹದಿನಾಲ್ಕು ಗುಳಿಗಳಲ್ಲಿ ಕಾಯಿ ಹಾಕಿ ಆಡುತ್ತಿರುವಾಗ ಜಗಳ ಹತ್ತಿಕೊಳ್ಳುತ್ತದೆ. ಒಬ್ಬಳು ಇನ್ನೊಬ್ಬಳ ತಲೆಗೆ ಆ ಮಣೆಯಿಂದಲೇ ಹೊಡೆಯುತ್ತಾಳೆ. ತಂಗಿಯೋ ಅಕ್ಕನೋ ಸತ್ತಳೆಂದು ತಿಳಿದ ಮೇಲೆ ಉಳಿದವಳು ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆ ಆಡಬಾರದೆಂಬ ಮಾತು ಇಂದಿಗೂ ನಮ್ಮ ಮನೆಗಳಲ್ಲಿದೆ.

ಎರಡೂ ಕಡೆ ಆಟ, ಸಿಟ್ಟು, ಸಾವು. ಮುಂದಿನದು ಬೇರೆ. ಗ್ರೀಕ್ ಕಥೆಯಲ್ಲಿ ಕೊಂದವನು ಊರು ಬಿಟ್ಟು ಇನ್ನೊಬ್ಬರ ಒಲೆಯ ಬಳಿ ಆಶ್ರಯ ಪಡೆಯುತ್ತಾನೆ. ಬಂದ ಪರದೇಶಿಯನ್ನು ಮೊದಲು ಕೂರಿಸಿ, ಉಣ್ಣಲಿಟ್ಟು, ಆಮೇಲೆ ಹೆಸರು ಕೇಳಬೇಕೆಂಬ ಅವರ ನಿಷ್ಠುರ ನಿಯಮಕ್ಕೆ ಇಂಥ ಅಲೆಮಾರಿಗಳೂ ಒಂದು ಕಾರಣ. ಸರಕಾರವಿಲ್ಲದ ನಾಡಿನಲ್ಲಿ ಆತಿಥ್ಯವೇ ಕಾನೂನು. ಸಿರಿಯ ಕಥೆಯಲ್ಲಿ ಓಡಿಹೋಗಲು ಜಾಗವಿಲ್ಲ. ಕೊಂದವಳೂ ಸತ್ತವಳೂ ಮಾಯವಾಗಿ ಸಿರಿಗಳ ಗಣಕ್ಕೆ ಸೇರುತ್ತಾರೆ, ಜಾತ್ರೆಯಲ್ಲಿ ಹೆಂಗಸರ ಮೈಮೇಲೆ ಬರುತ್ತಾರೆ. ಒಬ್ಬರು ಪಾಪವನ್ನು ಗಡಿಯಾಚೆ ಕಳಿಸಿದರು, ಇನ್ನೊಬ್ಬರು ಅದನ್ನು ಮನೆಯ ದೈವವಾಗಿ ಉಳಿಸಿಕೊಂಡರು.

ಗಡಿಯಾಚೆ ಕಳಿಸುವುದಕ್ಕೆ ಬದಲು ಲೆಕ್ಕ ಚುಕ್ತಾ ಮಾಡುವ ದಾರಿಯೂ ಗ್ರೀಕರಲ್ಲಿತ್ತು. ಅಕಿಲೀಸನ ಗುರಾಣಿಯ ಮೇಲೆ ಕೆತ್ತಿದ ಚಿತ್ರಗಳಲ್ಲಿ ಒಂದು ಅದೇ. ಸಂತೆಯ ಬಯಲಿನಲ್ಲಿ ಕೊಲೆಯಾದವನ ಪರಿಹಾರದ ಬಗ್ಗೆ ಇಬ್ಬರು ವಾದಿಸುತ್ತಿದ್ದಾರೆ. ಹಿರಿಯರು ನುಣುಪಾದ ಕಲ್ಲುಗಳ ಮೇಲೆ ವೃತ್ತಾಕಾರ ಕುಳಿತಿದ್ದಾರೆ. ಜನ ಎರಡೂ ಕಡೆ ಕೂಗುತ್ತಿದ್ದಾರೆ, ಸಾರುವವರು ಅವರನ್ನು ತಡೆಯುತ್ತಿದ್ದಾರೆ. ನಡುವೆ ಚಿನ್ನದ ಎರಡು ಗಟ್ಟಿ ಇಟ್ಟಿದ್ದಾರೆ, ಯಾರ ತೀರ್ಪು ನೇರವೋ ಆ ಹಿರಿಯನಿಗೆ. ನ್ಯಾಯವೂ ಅಲ್ಲಿ ಎಲ್ಲರೂ ನೋಡುವ ಪಂದ್ಯ.

5. ಹೊಲದ ಜಗಳ

ರಾಜರ ಜಗಳದಿಂದ ರೈತನ ಜಗಳಕ್ಕೆ ಬಂದರೆ ಸಿಗುವವನು ಹೀಸಿಯಡ್. ಕಾಲ ಸುಮಾರು ಕ್ರಿ.ಪೂ. 700, ಊರು ಬೀಯೋಷಿಯದ ಅಸ್ಕ್ರ. ಅವನ ಅಪ್ಪ ಬಡತನ ತಾಳದೆ ಹಡಗು ಹತ್ತಿ ಏಷ್ಯಾ ಮೈನರಿನ ಕೈಮಿಯಿಂದ ಬಂದು ನೆಲೆಸಿದವನು. ಅಪ್ಪನ ಹೊಲವನ್ನು ಹೀಸಿಯಡ್ ಮತ್ತು ಅವನ ತಮ್ಮ ಪರ್ಸೀಸ್ ಹಂಚಿಕೊಂಡರು. ಊರಿನ ದೊಡ್ಡವರಿಗೆ ಕಾಣಿಕೆ ಕೊಟ್ಟು ತಮ್ಮ ಹೆಚ್ಚು ಪಾಲು ಹೊಡೆದುಕೊಂಡ ಎಂಬುದು ಅಣ್ಣನ ದೂರು. ಅವನ ಕಾವ್ಯದ ತುಂಬ ಲಂಚ ತಿನ್ನುವ ಆ ದೊಡ್ಡವರ ಮೇಲಿನ ಸಿಟ್ಟಿದೆ, ಜೊತೆಗೆ ಬೇಸಾಯದ ಪಂಚಾಂಗವಿದೆ. ಕೃತ್ತಿಕೆ ಮೂಡಿದಾಗ ಕೊಯ್ಲು, ಮುಳುಗಿದಾಗ ಉಳುಮೆ, ಕೊಕ್ಕರೆ ಕೂಗಿದಾಗ ಬಿತ್ತನೆಯ ಸಿದ್ಧತೆ, ಕಡಲಿಗೆ ಇಳಿಯಬಾರದ ತಿಂಗಳು ಯಾವುದು. ಪತ್ತನಾಜೆಗೆ ಕೋಲ, ಆಟಗಳಿಗೆ ತೆರೆ ಎಳೆದು ಗದ್ದೆಗೆ ಇಳಿಯುವ ಊರಿನವರಿಗೆ ಈ ಭಾಗ ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ಒಬ್ಬನೇ ಮಗನಿದ್ದರೆ ಮನೆಗೆ ಒಳ್ಳೆಯದು ಎನ್ನುತ್ತಾನೆ ಹೀಸಿಯಡ್. ಈ ಬುದ್ಧಿವಾದದ ಹಿಂದೆ ಒಂದು ವ್ಯವಸ್ಥೆಯೇ ಇದೆ. ಗ್ರೀಕರಲ್ಲಿ ಗಂಡುಮಕ್ಕಳು ಹೊಲವನ್ನು ಸಮನಾಗಿ ಒಡೆಯುತ್ತಿದ್ದರು. ಎರಡು ಮೂರು ತಲೆಮಾರಿನಲ್ಲಿ ಹೊಲ ಚೂರಾಗುತ್ತಿತ್ತು, ಸಾಲ ಏರುತ್ತಿತ್ತು. ಜನ ಹೊಸ ನೆಲ ಹುಡುಕಿಕೊಂಡು ಸಿಸಿಲಿಗೆ, ದಕ್ಷಿಣ ಇಟಲಿಗೆ, ಕಪ್ಪು ಸಮುದ್ರದ ದಡಕ್ಕೆ ಹೋದರು. ಥೀರ ದ್ವೀಪದವರು ಕ್ರಿ.ಪೂ. 630ರ ಸುಮಾರಿಗೆ ಲಿಬಿಯದ ಕರಾವಳಿಗೆ ಹೊರಟಾಗ, ಅಣ್ಣತಮ್ಮಂದಿರಲ್ಲಿ ಚೀಟಿ ಎತ್ತಿ ಒಬ್ಬೊಬ್ಬನನ್ನು ಕಳಿಸಿದರಂತೆ. ಹೋದವರು ಸೋತು ಮರಳಿದಾಗ ದಡಕ್ಕೆ ಬಿಡದೆ ಬಾಣ ಬಿಟ್ಟು ಅಟ್ಟಿದರು ಎಂದೂ ಹೆರೊಡೋಟಸ್ ಹೇಳುತ್ತಾನೆ. ಗ್ರೀಕರ ಸಮುದ್ರ ಸಾಹಸದ ಹಿಂದೆ ಇಂಥ ಮನೆಯ ಇಕ್ಕಟ್ಟೂ ಇತ್ತು. ಅಥೆನ್ಸಿನಲ್ಲಿ ಸಾಲಗಾರರು ತಮ್ಮ ಮೈಯನ್ನೇ ಒತ್ತೆಯಿಟ್ಟು ಗುಲಾಮರಾಗುವ ಸ್ಥಿತಿ ಬಂದಾಗ, ಕ್ರಿ.ಪೂ. 594ರಲ್ಲಿ ಸೋಲನ್ ಆ ಒತ್ತೆಯನ್ನು ನಿಷೇಧಿಸಿದ.

ತುಳುನಾಡಿನ ಅಳಿಯಸಂತಾನ ಪದ್ಧತಿ ಇದಕ್ಕೆ ತೀರ ವಿರುದ್ಧವಾಗಿತ್ತು. ತಾಯಿಯ ಸಾಲಿನ ಕವರು, ಒಡೆಯದ ಆಸ್ತಿ, ಯಜಮಾನನ ಆಡಳಿತ. ಪಾಲು ಕೇಳುವ ಹಕ್ಕು ಸ್ಪಷ್ಟವಾಗಿ ಬಂದದ್ದು 1949ರ ಮದರಾಸು ಅಳಿಯಸಂತಾನ ಕಾಯಿದೆಯಿಂದ. ಹಾಗೆಂದು ಇಲ್ಲಿ ಹೊಲದ ಜಗಳವಿರಲಿಲ್ಲವೇ? ಕೋಟಿ ಚೆನ್ನಯರಿಗೂ ಬುದ್ಯಂತನಿಗೂ ಹೊತ್ತಿಕೊಂಡದ್ದು ಪಕ್ಕದ ಗದ್ದೆಯ ಜಗಳವೇ, ಅದು ಕೊಲೆಯಲ್ಲಿ ಮುಗಿಯಿತು. ಸಿರಿಯ ಕಥೆಯ ನಡುವೆಯೂ ಒಂದು ವ್ಯಾಜ್ಯವಿದೆ. ಸಿರಿಯ ಅಜ್ಜ ಬೆರ್ಮಾಳ್ವ ತೀರಿಕೊಂಡ ಬಳಿಕ ಸತ್ಯನಾಪುರದ ಆಸ್ತಿಗೆ ಅಣ್ಣು ಶೆಟ್ಟಿ ಎಂಬಾತ ಹಕ್ಕು ಹೂಡುತ್ತಾನೆ. ಕೂಡಿದ ಸಭೆ ಸಿರಿಗೆ ನ್ಯಾಯ ಕೊಡುವುದಿಲ್ಲ. ಹೆಣ್ಣಿನ ಮೂಲಕ ಆಸ್ತಿ ಇಳಿಯುವ ನಾಡಿನಲ್ಲೇ ಹೆಣ್ಣಿನ ಕೈ ತಪ್ಪುವುದು ಹೇಗೆ ಎಂಬುದು ಆ ಕಥೆಯ ನೋವು.

ಅಸ್ಕ್ರದಲ್ಲಾಗಲಿ ಸತ್ಯನಾಪುರದಲ್ಲಾಗಲಿ ಸಭೆ ಬಾಗಿದರೆ ಮುಂದೇನು? ಗ್ರೀಕರು ಹಿಡಿದ ದಾರಿ ಕ್ರೀಟಿನ ಡ್ರೀರೊಸ್‌ನಲ್ಲಿ ಕಾಣುತ್ತದೆ. ಕ್ರಿ.ಪೂ. 650ರ ಸುಮಾರಿಗೆ ಅಲ್ಲಿನ ಅಪೊಲೊ ಗುಡಿಯ ಗೋಡೆಯ ಮೇಲೆ ಕೊರೆದ ಕಟ್ಟಳೆ, ಒಮ್ಮೆ ಊರಿನ ಮುಖ್ಯಾಧಿಕಾರಿಯಾದವನು ಹತ್ತು ವರ್ಷ ಮತ್ತೆ ಆ ಸ್ಥಾನಕ್ಕೆ ಬರುವಂತಿಲ್ಲ ಎನ್ನುತ್ತದೆ. ನಮಗೆ ಸಿಕ್ಕಿರುವ ಗ್ರೀಕ್ ಕಾನೂನುಗಳಲ್ಲಿ ಅತಿ ಹಳೆಯದಾದ ಇದು ಕಳ್ಳನಿಗೂ ಕೊಲೆಗಾರನಿಗೂ ಹೇಳಿದ್ದಲ್ಲ, ತೀರ್ಪು ಕೊಡುವವನಿಗೇ ಹಾಕಿದ ಮೂಗುದಾರ. ತುಳುನಾಡು ಹಿಡಿದದ್ದು ದೈವದ ನುಡಿಯ ದಾರಿ. ಊರಿನ ಯಜಮಾನನನ್ನೂ ಎದುರಿಗೆ ನಿಲ್ಲಿಸಿ ಪ್ರಶ್ನಿಸುವ ಅಧಿಕಾರವನ್ನು ಅದು ಕೋಲದ ಕಣದಲ್ಲಿ ದೈವಕ್ಕೆ ಕೊಟ್ಟಿತು. ಆ ದೈವದ ನುಡಿಯನ್ನಾಡುವ ಬಾಯಿ ಹಗಲು ಅದೇ ಯಜಮಾನನ ಅಂಗಳದ ಹೊರಗೆ ನಿಲ್ಲಬೇಕಾಗಿದ್ದವನದು ಎಂಬುದನ್ನೂ ಮರೆಯಬಾರದು.

6. ಹಾಡುವ ಬಾಯಿ

ಒಡಿಸ್ಸಿಯ ಮೊದಲ ಸರ್ಗದಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ಒಡಿಸ್ಯೂಸನ ಚಾವಡಿಯಲ್ಲಿ ಫೀಮಿಯಸ್ ಎಂಬ ಹಾಡುಗಾರ ಟ್ರಾಯ್‌ನಿಂದ ಮರಳಿದವರ ಪಾಡನ್ನು ಹಾಡುತ್ತಿದ್ದಾನೆ. ಗಂಡ ಇನ್ನೂ ಮರಳದ ಪೆನೆಲೊಪಿ ಮೆಟ್ಟಿಲಿಳಿದು ಬಂದು, ಈ ಹಾಡು ಬೇಡ, ಬೇರೆ ಹಾಡು ಎಂದು ಕೇಳಿಕೊಳ್ಳುತ್ತಾಳೆ. ಇನ್ನೂ ಮೀಸೆ ಬಲಿಯದ ಮಗ ಟೆಲಿಮಾಕಸ್, ನೀನು ಒಳಗೆ ಹೋಗಿ ಮಗ್ಗ ನೋಡಿಕೋ, ಮಾತು ಗಂಡಸರದು ಎನ್ನುತ್ತಾನೆ. ಅವಳು ಹೋಗುತ್ತಾಳೆ. ಯಾವ ಹಾಡು ನಡೆಯಬೇಕು ಎಂದು ಹೇಳುವ ಅಧಿಕಾರ ಮನೆಯ ಒಡತಿಗೂ ಇರಲಿಲ್ಲ. ಬ್ರಿಸೇಯಿಸ್ ಇಡೀ ಇಲಿಯಡ್‌ನಲ್ಲಿ ಬಾಯಿ ಬಿಡುವುದು ಒಮ್ಮೆ, ಅದೂ ಪ್ಯಾಟ್ರೊಕ್ಲಸನ ಹೆಣದ ಮುಂದೆ ಅಳುವಾಗ. ಅವಳ ಜೊತೆ ಅತ್ತ ಉಳಿದ ಸೆರೆಯಾಳು ಹೆಂಗಸರು ಸತ್ತವನ ನೆಪದಲ್ಲಿ ತಮ್ಮತಮ್ಮ ದುಃಖಕ್ಕೇ ಅತ್ತರು ಎಂದು ಹಾಡುಗಾರ ಸೇರಿಸುತ್ತಾನೆ. ಅವನಿಗೆ ಎಲ್ಲ ಗೊತ್ತಿತ್ತು. ಆದರೆ ಅವನು ಹಾಡುತ್ತಿದ್ದದ್ದು ಗಂಡಸರ ಊಟದ ಸಭೆಯಲ್ಲಿ.

ಈಗ ಸಿರಿಯನ್ನು ನೋಡಿ. ಬಸರೂರಿನ ಕಾಂತು ಪೂಂಜ ಬಸುರಿ ಹೆಂಡತಿ ಸಿರಿಯ ಬಯಕೆಗೆಂದು ಸೀರೆ ಕೊಂಡು ಬರುವ ದಾರಿಯಲ್ಲಿ ತನ್ನ ಪ್ರೇಯಸಿ ಸಿದ್ದುವಿನ ಮನೆಗೆ ಹೋಗುತ್ತಾನೆ. ಅವಳು ಆ ಸೀರೆಯನ್ನು ಒಮ್ಮೆ ಉಟ್ಟು ಬಿಚ್ಚಿಡುತ್ತಾಳೆ. ಸಿರಿ ಅದನ್ನು ಅರಿತು, ತುಂಬಿದ ಬಂಧುಬಳಗದ ಎದುರಿಗೇ ಸೀರೆ ನಿರಾಕರಿಸುತ್ತಾಳೆ. ಮುಂದೆ ಗಂಡನನ್ನು ತಾನೇ ಬಿಡುತ್ತಾಳೆ, ತಾನೇ ಒಪ್ಪಿ ಕೊಡ್ಸರಾಳ್ವನನ್ನು ಮದುವೆಯಾಗುತ್ತಾಳೆ. ಗೋಪಾಲ ನಾಯ್ಕರು ಗಂಡಸು, ನಿಜ. ಆದರೆ ಈ ಕಥೆಯನ್ನು ಉಳಿಸಿದವರಲ್ಲಿ ನೇಜಿ ನೆಡುವಾಗ ಹಾಡುವ ಹೆಂಗಸರಿದ್ದಾರೆ, ಜಾತ್ರೆಯ ರಾತ್ರಿ ಹಿಂಗಾರ ಹಿಡಿದು ಸಿರಿಯ ಹೆಸರಿನಲ್ಲಿ ತಮ್ಮ ಮನೆಯ ಸಂಕಟ ಹೇಳುವ ಹೆಂಗಸರಿದ್ದಾರೆ. ಅಂಥ ಸಭೆಯ ಮುಂದೆ ಸಿರಿಯ ಬಾಯಿ ಕಟ್ಟಿದರೆ ಹಾಡೇ ನಡೆಯದು. ಹೋಮರನ ಹೆಂಗಸರ ಮೌನವನ್ನು ಆ ಕಾಲದ ಹೆಂಗಸರೆಲ್ಲರ ಮೌನ ಎಂದು ಓದುವ ಮೊದಲು, ಗ್ರೀಸಿನ ಬಾವಿಕಟ್ಟೆಯಲ್ಲೂ ಮಗ್ಗದ ಬಳಿಯೂ ಬೇರೆ ಹಾಡುಗಳಿದ್ದವು, ಅವನ್ನು ಯಾರೂ ಬರೆದಿಡಲಿಲ್ಲ ಎಂಬ ಸಾಧ್ಯತೆಗೆ ಜಾಗ ಬಿಡಬೇಕು.

7. ನಮ್ಮ ಮುಂದಿನ ಕೆಲಸ

ಕನ್ನಡಕ್ಕೆ ಗ್ರೀಕರು ಬಂದದ್ದು ಹೆಚ್ಚಾಗಿ ರಂಗಭೂಮಿಯ ಬಾಗಿಲಿನಿಂದ. 1929ರಲ್ಲಿ ಬಿ.ಎಂ.ಶ್ರೀ ಸಾಫೊಕ್ಲಿಸನ ನಾಟಕವೊಂದನ್ನು ಮಹಾಭಾರತಕ್ಕೆ ಒಗ್ಗಿಸಿ 'ಅಶ್ವತ್ಥಾಮನ್' ಬರೆದರು. ಅದು ದೊಡ್ಡ ಕೆಲಸ, ಆದರೆ ಅದು ಪೂರ್ತಿ ಬೆಳೆದ ಅಥೆನ್ಸಿನ ಗ್ರೀಕರದು. ಅದಕ್ಕೂ ಹಿಂದಿನವರನ್ನು ತಲುಪುವ ದಾರಿ ಮಂಗಳೂರಿನಿಂದ ಹತ್ತಿರ.

ಮಿಷನರಿ ಮೇನರ್ ಸಂಗ್ರಹಿಸಿದ ಪಾಡ್ದನಗಳು 1886ರಲ್ಲಿ ಇದೇ ಊರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದವು. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಎ.ಸಿ. ಬರ್ನೆಲ್ ಕೂಡಿಸಿದ ಹಾಡುಗಳು 1894ರಿಂದ ಇಂಡಿಯನ್ ಆಂಟಿಕ್ವರಿಯಲ್ಲಿ ಬಂದವು, ಅವುಗಳಲ್ಲಿ ಕೋಟಿ ಚೆನ್ನಯರ ಕಥೆಯೂ ಇದೆ. ಅದೇ ಕಥೆಯನ್ನು ಗೋಪಾಲ ನಾಯ್ಕರು ಹಾಡಿದ್ದಾರೆ, ಇಂದಿಗೂ ಹಾಡುವವರಿದ್ದಾರೆ. ನೂರು ವರ್ಷಕ್ಕೂ ಮಿಕ್ಕಿದ ಅಂತರದಲ್ಲಿ ಒಂದೇ ಕಥೆಯ ಯಾವ ಭಾಗ ಕದಲಿದೆ, ಯಾವ ಭಾಗ ಕದಲಿಲ್ಲ? ಊರಿನ ಹೆಸರು ಬದಲಾಯಿತೇ, ಆಯುಧ ಬದಲಾಯಿತೇ, ಜಗಳದ ಕಾರಣ ಬದಲಾಯಿತೇ? ಹೋಮರನ ವಿಷಯದಲ್ಲಿ ಇದನ್ನು ಅಳೆಯಲು ಯಾರಿಗೂ ಸಾಧ್ಯವಿಲ್ಲ, ಏಕೆಂದರೆ ಅವನ ಹಿಂದಿನ ಹಾಡು ಒಂದೂ ಉಳಿದಿಲ್ಲ. ಇಲ್ಲಿ ಸಾಧ್ಯವಿದೆ. ಜಗಳದ ಕಾರಣವೇ ಹಾಡಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ ಎಂಬ ನನ್ನ ಊಹೆ ಆ ಪರೀಕ್ಷೆಯಲ್ಲಿ ಬೀಳಲೂಬಹುದು. ಬಿದ್ದರೆ ಇಂದಿನ ಉಪನ್ಯಾಸದ ಅರ್ಧ ಭಾಗವನ್ನು ತಿದ್ದಬೇಕಾಗುತ್ತದೆ, ನಿಂತರೆ ಹೋಮರನನ್ನು ಓದುವವರು ತುಳುನಾಡಿನ ಸಾಕ್ಷ್ಯವನ್ನು ಪಕ್ಕಕ್ಕಿಡುವುದು ಕಷ್ಟವಾಗುತ್ತದೆ. ಸ್ನಾತಕೋತ್ತರ ತರಗತಿಯ ಇಬ್ಬರು ಮೂವರು ವಿದ್ಯಾರ್ಥಿಗಳು, ತುಳು ಬಲ್ಲವರು, ಇದನ್ನು ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಬಿನ್ನಹ.